ಬಲಗಡೆಯ ಸೀಟು

ನನ್ನ ಗಂಡ ಮೋಹನದಾಸರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಇಡೀ ಅಬುಧಾಬಿಯಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಮೆಲ್ಲಗೆ ಕಣ್ಣಿಗೆ ಇಳಿದಿತ್ತು. ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಎಡಗಣ್ಣಿನಲ್ಲಿ ಉಳಿದದ್ದು ಹಬೆ ಹಿಡಿದ ಕನ್ನಡಿಯಲ್ಲಿ ಕಾಣುವಷ್ಟು ಮಾತ್ರ: ಕಪ್ಪು, ಬಿಳಿ, ದೊಡ್ಡ ಆಕಾರ. ಇಲ್ಲಿ ಡಾಕ್ಟರಿಗೆ ತೋರಿಸಿದರೆ ಸುದ್ದಿ ಹರಡುತ್ತದೆಂದು ಇಂಜೆಕ್ಷನ್ನಿಗೆ ಮಂಗಳೂರಿಗೆ ಹೋಗಿ ಬರುತ್ತಿದ್ದೆವು. ಕೇಳಿದವರಿಗೆ ಒಮ್ಮೆ ಮನೆ ದೈವದ ಕೋಲ, ಒಮ್ಮೆ ತಂಗಿಯ ಮಗಳ ಸೀಮಂತ ಎಂದು ನಾನೇ ಹೇಳುತ್ತಿದ್ದೆ. ಸುಳ್ಳು ಹೇಳುವುದರಲ್ಲಿ ನಾನು ಮೊದಲು ಅಷ್ಟು ಜಾಣೆಯಾಗಿರಲಿಲ್ಲ. ಮಾಡುತ್ತ ಮಾಡುತ್ತ ಕೈ ಕುದುರಿತು.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಿಂದ ಅವರ ಆಫೀಸಿಗೆ, ನಾನು ಕೆಲಸ ಮಾಡುವ ಶಾಲೆಗೆ, ಸಾಮಾನಿಗೆ, ಎಲ್ಲಕ್ಕೂ ನಾನೇ ಗಾಡಿ ಓಡಿಸುತ್ತಿದ್ದೆ. ಅವರಿಗೆ ಮೊಣಕಾಲು ನೋವು ಎಂದು ಹೇಳಿದ್ದೆವು. ಪಾಪ, ಜನ ಮೊಣಕಾಲಿಗೆ ಬಗೆಬಗೆಯ ಎಣ್ಣೆ ತಂದುಕೊಟ್ಟರು. ಆ ಬಾಟಲಿಗಳು ಈಗಲೂ ನಮ್ಮ ಬಾತ್‌ರೂಮಿನಲ್ಲಿ ಸಾಲಾಗಿ ನಿಂತಿವೆ.

ಮರಳಿನ ಮಾತು ಬೇರೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನಮ್ಮ ಕನ್ನಡದವರ ಒಂದು ಗುಂಪು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಲಿವಾದಾಚೆಗಿನ ಮರುಭೂಮಿಗೆ ಹೋಗಿ, ಡೇರೆ ಹಾಕಿ, ಮರುದಿನ ವಾಪಸು ಬರುತ್ತದೆ. ಹದಿನೆಂಟು ವರ್ಷದಿಂದ ಆ ಗುಂಪಿನ ಮೊದಲ ಗಾಡಿ ಇವರದು. ಮರಳಲ್ಲಿ ಮೊದಲ ಗಾಡಿಯೆಂದರೆ ಸಣ್ಣ ವಿಷಯವಲ್ಲ. ಅದು ಹೋದ ಜಾಡಿನಲ್ಲೇ ಹಿಂದಿನವರು ಚಕ್ರ ಇಡಬೇಕು. ಪ್ರತಿ ದಿಬ್ಬದ ನೆತ್ತಿಯಲ್ಲಿ ಅದು ನಿಂತು, ಆಚೆ ಬದಿ ನೋಡಿ, ವಾಕಿಟಾಕಿಯಲ್ಲಿ "ಕ್ಲಿಯರ್" ಎನ್ನುವವರೆಗೆ ಮತ್ತೊಬ್ಬರು ಹತ್ತುವಂತಿಲ್ಲ. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮನುಷ್ಯ ಅಲ್ಲಿ ಮಹಾರಾಜ. ಆಫೀಸಿನಲ್ಲಿ ಅವರ ಅರ್ಧ ವಯಸ್ಸಿನವರು ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಮರಳಲ್ಲಿ ಎಲ್ಲರಿಗೂ ಮೋಹನಣ್ಣ. ಅದೊಂದನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ನನಗಾಗಲಿಲ್ಲ. ಇದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡೆ.

ಈ ದೇಶದಲ್ಲಿ ಸ್ಟಿಯರಿಂಗ್ ಎಡಗಡೆ. ಬಲಗಡೆಯ ಸೀಟು ನನ್ನದು. ಮೊಣಕಾಲು ಮರಳಿಗೆ ಉಳಿಯಲಿ ಎಂಬ ನೆಪದಲ್ಲಿ ಡಾಂಬರು ಮುಗಿಯುವವರೆಗೆ ನಾನು ಓಡಿಸಿ, ಮರಳಿಗೆಂದು ಟಯರಿನ ಗಾಳಿ ಇಳಿಸುವ ಜಾಗದಲ್ಲಿ ಸೀಟು ಬದಲಿಸಿಕೊಳ್ಳುತ್ತಿದ್ದೆವು. ಆಮೇಲೆ ಅವರ ಕೈ, ನನ್ನ ಕಣ್ಣು. ಹದಿನೆಂಟು ವರ್ಷ ಪಕ್ಕದಲ್ಲಿ ಕೂತು ನನಗೂ ಮರಳು ಓದಲು ಬರುತ್ತಿತ್ತು. ಗಾಳಿ ಬಡಿಯುವ ಬದಿ ಗಟ್ಟಿ, ಅಲ್ಲಿ ಏರು ನಿಧಾನ. ಆಚೆ ಬದಿ ಮೆತ್ತಗೆ, ಕಡಿದಂಥ ಇಳಿಜಾರು. ನೋಡಿದ್ದನ್ನು ತುಳುವಿನಲ್ಲಿ ಹೇಳುತ್ತಿದ್ದೆ: ಬಲತ್ತ, ಎಡತ್ತ, ಮೆಲ್ಲ, ಉಂತುಲೆ. ಬಲಕ್ಕೆ, ಎಡಕ್ಕೆ, ನಿಧಾನ, ನಿಲ್ಲಿ. ನಾನು "ಉಂತುಲೆ" ಎಂದರೆ ನಿಲ್ಲಲೇಬೇಕೆಂದು ಮನೆ ದೈವದ ಹೆಸರಲ್ಲಿ ಆಣೆ ಹಾಕಿಸಿದ್ದೆ. ಎರಡು ವರ್ಷ ಒಂದು ಗೀರೂ ಆಗಲಿಲ್ಲ. ಅದೇ ನಮ್ಮನ್ನು ಹಾಳು ಮಾಡಿದ್ದು.

ಆ ನವೆಂಬರಿನಲ್ಲಿ ಅವರ ಲೈಸೆನ್ಸ್ ನವೀಕರಿಸಬೇಕಾಗಿ ಬಂತು. ಅದಕ್ಕೆ ಕಣ್ಣಿನ ಪರೀಕ್ಷೆ ಬೇಕು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಒಂದು ಕನ್ನಡಕದಂಗಡಿ ಉಂಟು. ಚಾರ್ಟು ಗೋಡೆಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದಾರೆ. ಹಿಂದಿನ ದಿನ ನಾನೊಬ್ಬಳೇ ಹೋಗಿ, ಫ್ರೇಮು ನೋಡುವ ನಾಟಕ ಮಾಡುತ್ತ, ಅದರ ಅಕ್ಷರಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ನಾನು ಎಲ್‌ಕೆಜಿ ಮಕ್ಕಳ ಟೀಚರ್. ಕೈಗೆ ಸಿಕ್ಕಿದ್ದು ಆನೆಯ ಚಿತ್ರವಿದ್ದ ವರ್ಕ್‌ಶೀಟಿನ ತುಂಡು. ಅಂಗಡಿಯವರ ಕಣ್ಣಿಗೆ ಬಿದ್ದರೂ ತಿಳಿಯದಿರಲಿ ಎಂದು ಕನ್ನಡದಲ್ಲಿ ಬರೆದೆ: ಇ. ಎಫ್, ಪಿ. ಟಿ, ಓ, ಝಡ್. ಆ ರಾತ್ರಿ ಅವರಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. ಮರುದಿನ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿ ಬಂದರು. ಅಂಗಡಿಯವನು ಈ ವಯಸ್ಸಿಗೆ ಒಳ್ಳೆ ಕಣ್ಣು ಎಂದನಂತೆ. ಕಾರಿನಲ್ಲಿ ಇಬ್ಬರೂ ನಕ್ಕೆವು. ನೆನೆದರೆ ಈಗ ಮೈ ಉರಿಯುತ್ತದೆ.

ಆದರೆ ನಕ್ಕ ಮೇಲೆ ನನಗೆ ಹೆದರಿಕೆ ಹುಟ್ಟಿತು. ಸಾಕು ಎಂದೆ. ಫೆಬ್ರವರಿಯ ಟ್ರಿಪ್ಪು ಕೊನೆಯದು, ಅಲ್ಲಿಂದ ಬಂದ ಮೇಲೆ ಮೊದಲ ಗಾಡಿಯನ್ನು ರಂಜಿತನಿಗೆ ಒಪ್ಪಿಸುವುದು ಎಂದು ಅವರಿಂದ ಮಾತು ತೆಗೆದುಕೊಂಡೆ. ರಂಜಿತ್ ನನ್ನ ಗಂಡನ ಅಕ್ಕನ ಮಗ. ನಮ್ಮಲ್ಲಿ ಮಾವನದು ಅಳಿಯನಿಗೆ ಎಂಬುದು ಹಳೆಯ ಕಟ್ಟಳೆ. ಆ ಒಂದು ಟ್ರಿಪ್ಪು ಮಾನದಿಂದ ಮುಗಿದರೆ ಸಾಕೆಂದು ನಾನು ಹರಕೆ ಹೊತ್ತಿದ್ದೆ. ಯಾರಿಗೂ ಏನೂ ಆಗಬಾರದು, ಇವರ ಗುಟ್ಟೂ ಬಯಲಾಗಬಾರದು. ಎರಡನ್ನೂ ಒಟ್ಟಿಗೆ ಕೇಳಿದೆ.

ಆ ಸಲ ಮೂರೇ ಗಾಡಿ. ಮೊದಲು ನಾವು. ನಡುವೆ ಮೈಸೂರಿನ ಶಾಮಸುಂದರ, ಅವರ ಹೆಂಡತಿ ಚಾಮುಂಡೇಶ್ವರಿ, ಮಗಳು ಮಾನ್ಯ. ಅವರ ಮನೆ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ. ಹುಡುಗಿಗೆ ಹತ್ತೊಂಬತ್ತು, ದುಬೈಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ. ಕೊನೆಯಲ್ಲಿ ರಂಜಿತ್, ಒಬ್ಬನೇ.

ಶನಿವಾರದ ದಾರಿ ಸಲೀಸಾಗಿ ಮುಗಿಯಿತು. ಸಂಜೆಯ ಬಿಸಿಲಿನಲ್ಲಿ ಪ್ರತಿ ದಿಬ್ಬಕ್ಕೂ ಒಂದು ಕಪ್ಪು ಮಗ್ಗುಲಿತ್ತು. ಅಂಥ ಬೆಳಕಿನಲ್ಲಿ ಇವರಿಗೂ ಅಷ್ಟಿಷ್ಟು ಕಾಣುತ್ತದೆ. ನಾನು ಹೇಳುವ ಮೊದಲೇ ಒಂದೆರಡು ಕಡೆ ತಿರುಗಿಸಿದರು. ಡೇರೆ ಹಾಕಿ, ಬೆಂಕಿ ಹೊತ್ತಿಸಿ, ರಂಜಿತ್ ಕೋಳಿ ಸುಡುತ್ತಿದ್ದಾಗ ಮಾನ್ಯ ಪರ್ಸಿನಿಂದ ಒಂದು ಕಾರ್ಡು ತೆಗೆದು ನನ್ನ ಗಂಡನ ಮುಂದೆ ಹಿಡಿದಳು.

"ಅಂಕಲ್, ಸರ್ಪ್ರೈಸ್," ಎಂದಳು.

ಇವರು ಕಾರ್ಡನ್ನು ಬೆಂಕಿಯ ಬೆಳಕಿಗೆ ಹಿಡಿದು ಓದಿದವರಂತೆ ತಲೆಯಾಡಿಸಿದರು. ಅದೇನೆಂದು ಅವರಿಗೆ ತಿಳಿಯಲಿಲ್ಲ ಎಂಬುದು ನನಗೆ ತಿಳಿಯಿತು.

"ಓ, ಲೈಸೆನ್ಸ್ ಸಿಕ್ಕಿತಾ ಮಗಾ ನಿನಗೆ?" ಎಂದು ನಾನೇ ಕೇಳಿದೆ.

"ಡಿಸೆಂಬರಲ್ಲೇ ಸಿಕ್ತು ಆಂಟಿ. ಫಸ್ಟ್ ಅಟೆಂಪ್ಟ್. ಅಂಕಲ್‌ಗೆ ಹೇಳ್ಬೇಡ ಅಂತ ಅಪ್ಪನ ಹತ್ರ ಪ್ರಾಮಿಸ್ ಮಾಡಿಸ್ಕೊಂಡಿದ್ದೆ."

"ಕಣ್ಣಿನ ಟೆಸ್ಟ್ ಎಲ್ಲಿ ಮಾಡ್ಸಿದ್ದು?" ಎಂದರು ಇವರು.

"ಎಲೆಕ್ಟ್ರಾದಲ್ಲಿ, ನೀವು ಹೋಗೋ ಅದೇ ಶಾಪ್."

"ಕೊನೆಯ ಸಾಲು ಓದಿದ್ಯಾ? ನಾನು ಓದಿದೆ, ಐವತ್ತೆಂಟು ವರ್ಷಕ್ಕೆ."

ಎಲ್ಲರೂ ನಕ್ಕರು. ನಾನು ಉಪ್ಪಿನಕಾಯಿಯ ಡಬ್ಬಿಯ ಮುಚ್ಚಳ ಬಿಗಿಯಾಗಿದೆ ಎಂಬಂತೆ ತಲೆ ತಗ್ಗಿಸಿದೆ.

ಆಗ ನನಗೆ ನೆನಪಾಯಿತು. ನಮ್ಮ ಗುಂಪಿನಲ್ಲಿ ಒಂದು ರೂಢಿ ಉಂಟು, ಇವರೇ ಹಾಕಿಕೊಟ್ಟದ್ದು. ಹೊಸದಾಗಿ ಲೈಸೆನ್ಸ್ ಸಿಕ್ಕವರು ವಾಪಸು ಬರುವ ದಿನ ಮೊದಲ ಗಾಡಿಯ ಬಲಗಡೆಯ ಸೀಟಿನಲ್ಲಿ ಕೂರಬೇಕು. ಮರಳು ಓದುವುದನ್ನು ಇವರು ಹೇಳಿಕೊಡುತ್ತಾರೆ. ರಂಜಿತ್ ಕಲಿತದ್ದು ಹಾಗೆ, ಶಾಮಸುಂದರ ಕಲಿತದ್ದೂ ಹಾಗೆ. ಇವರ ಕಣ್ಣು ಕೆಟ್ಟ ಮೇಲೆ ಹೊಸಬರು ಗುಂಪಿಗೆ ಬಾರದಂತೆ ನಾನು ಉಪಾಯವಾಗಿ ನೋಡಿಕೊಂಡಿದ್ದೆ. ನಮ್ಮ ಕಣ್ಣೆದುರೇ ಬೆಳೆದ ಹುಡುಗಿ ಒಂದು ದಿನ ಹೊಸಬಳಾಗುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ.

"ಹಾಗಾದ್ರೆ ನಾಳೆ ನನ್ನ ಪಕ್ಕ," ಎಂದರು ಇವರು. ಹುಡುಗಿ ಕುಣಿದಳು.

ಊಟಕ್ಕೆ ಮೊದಲು, ನೀರಿನ ಕ್ಯಾನಿನ ಹತ್ತಿರ ಕೈ ತೊಳೆಯುವಾಗ, ನಾನು ಅವರ ತೋಳು ಹಿಡಿದು ಕೇಳಿದೆ.

"ನಾಳೆ ಎಂಥ ಮಾಡ್ತೀರಿ?"

"ಏಳು ಗಂಟೆಗೆ ಹೊರಡುವ. ಬೆಳಿಗ್ಗೆ ನೆರಳು ಉದ್ದ ಇರ್ತದೆ, ನೆರಳು ನನಗೆ ಕಾಣ್ತದಲ್ಲ. ರೋಡಿಗೆ ಹನ್ನೊಂದು ಕಿಲೋಮೀಟರ್ ಮಾತ್ರ."

"ನಂಗೆ ಧೈರ್ಯ ಬರುದಿಲ್ಲ. ರಂಜಿತನ ಹತ್ರ ಹೇಳುವ. ಅವನೊಬ್ಬನಿಗೆ."

"ಕೊನೇ ಸಲ ಅಂತ ನೀನೇ ಹೇಳಿದ್ದಲ್ಲ ಮಾರಾಯ್ತಿ," ಎಂದರು. "ಇಷ್ಟು ದಿನ ಮುಚ್ಚಿಟ್ಟದ್ದು. ಇನ್ನು ಹನ್ನೊಂದು ಕಿಲೋಮೀಟರ್."

ದಮ್ಮಯ್ಯ ಹಾಕುವ ಗಂಡಸಲ್ಲ ಅವರು. ಆ ಹೊತ್ತು ಹಾಕಿದರು. ನಾನು ಅವರ ತೋಳು ಬಿಟ್ಟೆ.

ಬೆಳಿಗ್ಗೆ ಏಳಕ್ಕೆ ಹೊರಟಿದ್ದರೆ ಏನಾಗುತ್ತಿತ್ತೋ, ದೇವರಿಗೆ ಗೊತ್ತು. ಹೊರಡಲು ಸಿದ್ಧರೂ ಆಗಿದ್ದೆವು. ಶಾಮಸುಂದರ ಡೇರೆಯ ಹತ್ತಿರದಿಂದ ಗಾಡಿಯನ್ನು ಥಟ್ಟನೆ ತಿರುಗಿಸಿದರು. ಗಾಳಿ ಇಳಿಸಿದ ಟಯರು ಹಾಗೆ ತಿರುಗಿಸಿದರೆ ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಕಳಚಿಕೊಂಡಿತು. ಗಾಡಿ ಒಂದು ಮಗ್ಗುಲಿಗೆ ಕೂತಿತು. ಜಾಕಿನ ಕೆಳಗೆ ಹಲಗೆ ಇಟ್ಟರೆ ಹಲಗೆಯೇ ಮರಳಿಗೆ ಇಳಿಯಿತು. ತೋಡುವುದು, ಎತ್ತುವುದು, ಮತ್ತೆ ಜಾರುವುದು. ಗಾಳಿ ತುಂಬುವ ಕಂಪ್ರೆಸರ್ ಬಿಸಿಯಾಗಿ ಎರಡು ಸಲ ನಿಂತುಹೋಯಿತು. ರಂಜಿತ್ ಟಯರನ್ನು ರಿಮ್ಮಿಗೆ ಕೂರಿಸಿ ಎದ್ದಾಗ ಗಂಟೆ ಹನ್ನೆರಡು ದಾಟಿತ್ತು.

ನೆತ್ತಿಯ ಮೇಲೆ ಸೂರ್ಯ ಬಂದರೆ ಮರಳಿಗೆ ನೆರಳಿರುವುದಿಲ್ಲ. ಏರು ಯಾವುದು, ತಗ್ಗು ಯಾವುದು, ಎಲ್ಲಿ ನೆತ್ತಿ ಕಡಿದಿದೆ ಎಂದು ಒಳ್ಳೆಯ ಕಣ್ಣಿನವರಿಗೂ ತಿಳಿಯುವುದಿಲ್ಲ. ಎಲ್ಲ ಒಂದೇ ಬಿಳಿ. ಅಂಥ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯಬೇಕು ಎಂದು ಹದಿನೆಂಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿದವರು ಇವರೇ.

"ಮಾವ, ಮೂರು ಗಂಟೆವರೆಗೆ ಕೂರುವನಾ?" ಎಂದ ರಂಜಿತ್.

"ನನಗೆ ನಾಳೆ ಬೆಳಿಗ್ಗೆನೇ ಒಂದು ಸಾಫ್ಟ್‌ವೇರ್ ರಿಲೀಸ್ ಇದೆ, ಸಂಜೆ ಲಾಗಿನ್ ಆಗ್ಬೇಕು," ಎಂದರು ಶಾಮಸುಂದರ ಸಂಕೋಚದಿಂದ. ತಮ್ಮ ಟಯರಿನಿಂದ ತಡವಾಯಿತೆಂದು ಅವರಿಗೆ ಮೊದಲೇ ನಾಚಿಕೆಯಾಗಿತ್ತು. "ಮೋಹನಣ್ಣ ಹೆಂಗೆ ಹೇಳ್ತಾರೋ ಹಂಗೆ."

"ಎಂಥ ಕೂರುದು. ದಾರಿ ನನಗೆ ಬಾಯಿಪಾಠ ಉಂಟು," ಎಂದರು ಇವರು. "ಯಲ್ಲಾ, ಹೊರಡುವ."

ಮೋಹನಣ್ಣ ಹೇಳಿದ ಮೇಲೆ ನಮ್ಮ ಗುಂಪಿನಲ್ಲಿ ಎದುರು ಮಾತಿಲ್ಲ. ಚಾರ್ಟು ಬಾಯಿಪಾಠ ಮಾಡಬಹುದು. ಮರಳು ವಾರಕ್ಕೊಮ್ಮೆ ತನ್ನ ಅಕ್ಷರಗಳನ್ನು ಬದಲಿಸುತ್ತದೆ. ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು.

ನಮ್ಮ ಗಾಡಿಯ ಹಿಂದಿನ ಸೀಟು ಮಡಿಚಿ ಡೇರೆ, ಸಾಮಾನು ತುಂಬಿದ್ದೆವು, ಕೂರಲು ಮುಂದಿನ ಎರಡೇ ಸೀಟು. ನಾನು ಬಲಗಡೆಯ ಸೀಟು ಹತ್ತಿ ಕೂತು ಬೆಲ್ಟು ಹಾಕಿಕೊಂಡೆ. ಹುಡುಗಿ ಬಾಗಿಲ ಹತ್ತಿರ ಬಂದು ನಿಂತಳು. ಕಪ್ಪು ಕನ್ನಡಕ, ಟೋಪಿ, ಕೈಯಲ್ಲಿ ಬರೆದುಕೊಳ್ಳಲು ಒಂದು ಪುಟ್ಟ ಪುಸ್ತಕ. ಪುಸ್ತಕ ತಂದಿದ್ದಳು, ಪಾಪ.

"ಮಗಾ, ನಂಗೆ ಬೇರೆಯವರ ಗಾಡೀಲಿ ಹಿಂದೆ ಕೂತ್ರೆ ವಾಂತಿ ಬರ್ತದೆ," ಎಂದೆ.

"ಇಟ್ಸ್ ಓಕೆ ಆಂಟಿ. ನೆಕ್ಸ್ಟ್ ಟೈಮ್," ಎಂದಳು ತಕ್ಷಣ. ಮುಖ ಸಣ್ಣದಾದರೂ ನಕ್ಕಳು. ತಿರುಗಿ ಎರಡು ಹೆಜ್ಜೆ ಹೋದಳು ಕೂಡ.

ಅಲ್ಲಿಗೆ ಮುಗಿಯಬೇಕಾಗಿತ್ತು. ಅಲ್ಲಿಗೇ ಎಲ್ಲ ಮುಗಿಯಬೇಕಾಗಿತ್ತು.

ಇವರು ನನ್ನ ಕಡೆ ತಿರುಗಿದರು. "ರಾಜೀವಿ," ಎಂದರು, ಮೆಲ್ಲಗೆ, ನನಗೊಬ್ಬಳಿಗೆ ಕೇಳುವಂತೆ. "ಹದಿನೆಂಟು ವರ್ಷದಲ್ಲಿ ಯಾರನ್ನೂ ನಾನು ವಾಪಸು ಕಳಿಸಿದ್ದಿಲ್ಲ. ಎಲ್ಲರೂ ನೋಡ್ತಾ ಇದ್ದಾರೆ."

ನೋಡಿದೆ. ಶಾಮಸುಂದರ ನೋಡುತ್ತಿದ್ದರು, ಚಾಮುಂಡೇಶ್ವರಿ ನೋಡುತ್ತಿದ್ದರು. ರಂಜಿತ್ ನನ್ನನ್ನಲ್ಲ, ಇವರನ್ನು ನೋಡುತ್ತಿದ್ದ, ಹುಬ್ಬು ಗಂಟಿಕ್ಕಿ. ಅವನಿಗೆ ಅನುಮಾನ ಬಂತೆಂದು ನನಗೆ ಅನಿಸಿತು. ನಾನು ಜಗಳಗಂಟಿ, ಶಾಲೆಯ ಪ್ರಿನ್ಸಿಪಾಲರಿಗೇ ಎದುರು ಹೇಳಿ ಬಂದವಳು. ಆ ಹೊತ್ತು ನನಗೆ ಇದ್ದದ್ದು ಒಂದೇ ಯೋಚನೆ: ಅನುಮಾನ ಹೋಗಲಿ. ಬೆಲ್ಟು ಬಿಚ್ಚಿದೆ. ಇಳಿದೆ.

"ಬಾ ಮಗಾ, ಕೂತ್ಕೋ. ನಂಗೆ ಅಷ್ಟೇನೂ ಇಲ್ಲ," ಎಂದೆ.

ಹುಡುಗಿ ನನ್ನನ್ನು ಅಪ್ಪಿಕೊಂಡಳು.

ನಾನು ಶಾಮಸುಂದರರ ಗಾಡಿಯ ಹಿಂದಿನ ಸೀಟಿನಲ್ಲಿ, ಎರಡು ಸೀಟುಗಳ ನಡುವೆ ಮುಂದಕ್ಕೆ ಬಾಗಿ ಕೂತೆ. ವಾಕಿಟಾಕಿ ಚಾಮುಂಡೇಶ್ವರಿಯವರ ಮಡಿಲಲ್ಲಿತ್ತು. ಅದನ್ನು ಕೇಳಿ ನನ್ನ ಕೈಗೆ ತೆಗೆದುಕೊಂಡೆ. ಹೊರಗೆ ಬಿಳಿಯ ಹೊರತು ಏನೂ ಇರಲಿಲ್ಲ. ನಮ್ಮ ಗಾಡಿಗೆ ಉದ್ದ ಕೋಲಿನಲ್ಲಿ ಕಟ್ಟಿದ ಕೆಂಪು ಬಾವುಟ ಮಾತ್ರ ಮುಂದೆ ಏರುತ್ತ ಇಳಿಯುತ್ತ ಹೋಗುತ್ತಿತ್ತು. ಮೊದಲ ದಿಬ್ಬ, ಎರಡನೆಯದು, ಮೂರನೆಯದು. ಪ್ರತಿ ಸಲ ಇವರ ದನಿ ಬಂತು, "ಕ್ಲಿಯರ್." ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ. ಆರು ಕಿಲೋಮೀಟರ್ ಆಯಿತು. ಏಳು.

ಎಂಟನೆಯ ಕಿಲೋಮೀಟರಿನಲ್ಲಿ ಬಾವುಟ ವಾಡಿಕೆಗಿಂತ ಬಲಕ್ಕೆ ಹೋಗುತ್ತಿದೆ ಅನಿಸಿತು. ಅಲ್ಲೊಂದು ದೊಡ್ಡ ದಿಬ್ಬ ಇದೆ. ಅದರಾಚೆ ಗಟ್ಟಿ ಉಪ್ಪುನೆಲದ ಹೊಂಡ. ಪ್ರತಿ ಸಲ ಅದನ್ನು ಎಡಕ್ಕೆ ಸುತ್ತಿ ಹೋಗುತ್ತಿದ್ದೆವು.

ನಾನು ಗುಂಡಿ ಒತ್ತಿದೆ. "ರೀ, ಒಮ್ಮೆ ನಿಲ್ಲಿಸಿ. ನಿಮ್ಮ ಮಾತ್ರೆ ನನ್ನ ಬ್ಯಾಗಲ್ಲಿ ಉಳೀತು."

"ರೋಡಿಗೆ ಹೋಗಿ ತಗೊಳ್ಳುವ," ಎಂದರು.

"ಈಗಲೇ ನಿಲ್ಲಿಸಿ."

"ಮಾಫಿ ಮುಶ್ಕಿಲ್, ಎಂಥದೂ ಆಗುದಿಲ್ಲ ಮಾರಾಯ್ತಿ," ಎಂದು ನಕ್ಕರು. ಹಿಂದೆ ಹುಡುಗಿಯ ನಗುವೂ ಕೇಳಿಸಿತು.

ಗುಂಡಿ ಇನ್ನೂ ನನ್ನ ಬೆರಳಿನ ಕೆಳಗಿತ್ತು. 'ಉಂತುಲೆ' ಎಂದಿದ್ದರೆ ಸಾಕಿತ್ತು, ಆಣೆ ಇತ್ತು. ನಿಮಗೆ ಕಣ್ಣು ಕಾಣುವುದಿಲ್ಲ ಎಂದಿದ್ದರೂ ಸಾಕಿತ್ತು. ಮೂರು ಗಾಡಿಗೂ ಕೇಳುತ್ತಿತ್ತು. ಆದರೆ ತುಳು ಬಲ್ಲ ರಂಜಿತ್ ಕೇಳಿಸಿಕೊಳ್ಳುತ್ತಿದ್ದ. ಮಾತ್ರೆಯ ನೆಪವೂ ಇಲ್ಲದೆ, ಹಿಂದಿನ ಗಾಡಿಯಲ್ಲಿ ಕೂತ ಹೆಂಗಸು ಮುಂದಿನ ಗಾಡಿಗೆ ನಿಲ್ಲು ಎಂದು ಯಾಕೆ ಹೇಳುತ್ತಾಳೆಂದು ಅವನಿಗೆ ಅರ್ಥವಾಗಿಬಿಡುತ್ತಿತ್ತು. ನಾನು ಬೆರಳು ತೆಗೆದೆ. ಇನ್ನು ಮೂರು ಕಿಲೋಮೀಟರ್ ಎಂದುಕೊಂಡೆ.

ಬಾವುಟ ದಿಬ್ಬವನ್ನು ನೇರವಾಗಿ ಹತ್ತಿತು. ನೆತ್ತಿಯಲ್ಲಿ ನಿಲ್ಲಲಿಲ್ಲ. ಅದು ನೆತ್ತಿ ಎಂದು ಅವರಿಗೆ ತಿಳಿಯಲಿಲ್ಲ. ಬಾವುಟ ಒಮ್ಮೆಗೇ ಕಾಣೆಯಾಯಿತು. ನಾವು "ಕ್ಲಿಯರ್" ಎಂಬ ಮಾತಿಗೆ ಕಾದೆವು. ಇಂಜಿನ್ ಶಬ್ದವೂ ನಿಂತಿತ್ತು.

"ಮಾವ?" ಎಂದ ರಂಜಿತ್, ವಾಕಿಟಾಕಿಯಲ್ಲಿ. ಮತ್ತೆ, "ಮಾವ?"

ಬಾಗಿಲು ತೆಗೆದು ಓಡಿದವಳು ನಾನು. ಮರಳು ಕಾಲನ್ನು ಹಿಡಿದುಕೊಳ್ಳುತ್ತಿತ್ತು. ನಾಲ್ಕು ಕಾಲಲ್ಲಿ ಹತ್ತಿದೆ. ಕೆಳಗೆ ನಮ್ಮ ಗಾಡಿ ಮೂಗನ್ನು ಉಪ್ಪುನೆಲಕ್ಕೆ ಊರಿ, ಬಲಮಗ್ಗುಲಿಗೆ ಒರಗಿ ಬಿದ್ದಿತ್ತು. ಇವರು ಎಡಗಡೆ ಬೆಲ್ಟಿನಲ್ಲಿ ನೇತಾಡುತ್ತಿದ್ದರು, ಮಣಿಕಟ್ಟು ಮುರಿದಿತ್ತು, ಅಷ್ಟೇ. ಹುಡುಗಿ ಕೆಳಗಿದ್ದಳು. ಅವಳಿಗೆ ಎಚ್ಚರವಿತ್ತು. "ಆಂಟಿ, ನನ್ನ ಶೂಸ್ ಎಲ್ಲಿ?" ಎಂದು ಕೇಳಿದಳು. ಶೂ ಅವಳ ಕಾಲಲ್ಲೇ ಇತ್ತು.

ಹೆಲಿಕಾಪ್ಟರ್ ಬಂತು. ಪೊಲೀಸರು ಬಂದರು, ಅಳತೆ ತೆಗೆದರು, ಇವರ ಲೈಸೆನ್ಸ್ ನೋಡಿದರು. ಲೈಸೆನ್ಸ್ ಸರಿಯಾಗಿತ್ತು.

ಹುಡುಗಿಯ ಬೆನ್ನುಹುರಿ ಸೊಂಟದ ಮೇಲೆ ತುಂಡಾಗಿದೆ, ಇನ್ನು ಕಾಲು ಬರುವುದಿಲ್ಲ ಎಂದು ನಾಲ್ಕನೆಯ ದಿನ ಡಾಕ್ಟರು ಹೇಳಿದರು. ನಾನು ದಿನಾ ಆಸ್ಪತ್ರೆಗೆ ಗಂಜಿ, ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದೆ. ಬೈದಿದ್ದರೆ ಬದುಕುತ್ತಿದ್ದೆ. ಅವಳ ಅಪ್ಪ ಅಮ್ಮ ಬೈಯಲಿಲ್ಲ. ಶಾಮಸುಂದರ ಪ್ರತಿ ಸಲ "ತಪ್ಪು ನನ್ನ ಟಯರಿಂದು" ಎನ್ನುತ್ತಿದ್ದರು. ಚಾಮುಂಡೇಶ್ವರಿ ನನ್ನ ಕೈ ಹಿಡಿದುಕೊಂಡು, "ನೀವು ಕೂರೋ ಸೀಟು ಕಣ್ರೀ ಅದು. ನಿಮಗೆ ಏನೂ ಆಗ್ಲಿಲ್ವಲ್ಲ, ಅಷ್ಟಾದ್ರೂ ದೇವರು ಇದಾನೆ," ಎನ್ನುತ್ತಿದ್ದರು. ಆ ಕೈ ಬಿಸಿಯಾಗಿತ್ತು. ಬಿಡಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಇವರು ಹೊರಗೆ ಕಾರಿಡಾರಿನ ಬೆಂಚಿನಲ್ಲಿ, ಕೈಗೆ ಪ್ಲಾಸ್ಟರ್ ಹಾಕಿಕೊಂಡು, ಕಪ್ಪು ಕನ್ನಡಕದಲ್ಲಿ ಕೂತಿರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ದುಃಖ ಎಂದು ಎಲ್ಲರೂ ಅಂದುಕೊಂಡರು.

ಇರುಳು ಕಂಡ ಬಾವಿಗೆ ಹಗಲು ಬಿದ್ದರು ಎನ್ನುತ್ತಾರೆ. ನಾವು ಬೀಳಲಿಲ್ಲ, ಬೇರೆಯವರ ಮಗುವನ್ನು ಬೀಳಿಸಿದೆವು. ರಾತ್ರಿ ಮನೆಯಲ್ಲಿ ನಾವಿಬ್ಬರೂ ಮಾತಾಡುವುದನ್ನು ಬಿಟ್ಟಿದ್ದೆವು. ಒಮ್ಮೆ ಮಾತ್ರ ಅವರು, "ಹೇಳಿ ಏನು ಪ್ರಯೋಜನ? ಹೇಳಿದ್ರೆ ಅವಳಿಗೆ ಕಾಲು ಬರ್ತದಾ?" ಎಂದರು. ನನಗೂ ಅದೇ ಸರಿ ಅನಿಸಿತ್ತು.

ಹನ್ನೆರಡನೆಯ ದಿನ ಹುಡುಗಿ ನನ್ನನ್ನು ಹತ್ತಿರ ಕರೆದಳು. ಚಾಮುಂಡೇಶ್ವರಿ ಮಂಚದ ಆ ಬದಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಆಂಟಿ, ನಿಮ್ಗೆ ಒಂದು ಹೇಳ್ಬೇಕು. ಅಂಕಲ್ ಒಳಗೆ ಬರ್ತಿಲ್ಲ. ಹಿ ಇಸ್ ಆಂಗ್ರಿ ವಿತ್ ಮಿ, ಅಲ್ವಾ?"

"ಯಾಕೆ ಮಗಾ? ನಿನ್ನ ಮೇಲೆ ಎಂಥ ಸಿಟ್ಟು?"

"ಅವತ್ತು ಅಂಕಲ್ ದಾರಿಯುದ್ದಕ್ಕೂ ಕೇಳ್ತಿದ್ರು. ಮುಂದೆ ಎಂಥ ಕಾಣ್ತದೆ, ಹೇಳು. ಎಡಕ್ಕೆ ಎಂಥ ಉಂಟು, ಹೇಳು. ಐ ಥಾಟ್ ಇಟ್ ವಾಸ್ ಎ ಟೆಸ್ಟ್. ಎಲ್ಲಾ ಕರೆಕ್ಟ್ ಆಗಿ ಹೇಳ್ತಿದ್ದೆ, ಗುಡ್ ಗುಡ್ ಅಂತಿದ್ರು. ಲಾಸ್ಟ್ ಒಂದ್ಸಲ ಕೇಳಿದಾಗ ನಂಗೆ ಎಲ್ಲಾ ಫ್ಲಾಟ್ ಥರ ಕಾಣ್ತು. ಫ್ಲಾಟ್ ಅಂಕಲ್, ಗೋ ಅಂದೆ." ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. "ಹಿ ಟ್ರಸ್ಟೆಡ್ ಮಿ ಆಂಟಿ. ನಂದೇ ತಪ್ಪು. ಅಂಕಲ್‌ಗೂ ಏಟಾಯ್ತು ನನ್ನಿಂದ."

ಕಾಲು ಹೋದದ್ದಲ್ಲದೆ, ಹೋದದ್ದು ತನ್ನ ತಪ್ಪಿನಿಂದ ಎಂದು ಹನ್ನೆರಡು ದಿನ ಒಬ್ಬಳೇ ಮಲಗಿ ಲೆಕ್ಕ ಹಾಕಿದ್ದಳು. ಇಷ್ಟು ವರ್ಷದ ಮಾನ, ಗುಟ್ಟು, ಮೋಹನಣ್ಣ, ಎಲ್ಲ ಹಾಳಾಗಿ ಹೋಗಲಿ ಅನಿಸಿತು.

"ಅವರಿಗೆ ಕಣ್ಣು ಕಾಣುದಿಲ್ಲ ಮಗಾ," ಎಂದೆ. "ಎರಡು ವರ್ಷ ಆಯ್ತು. ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತಿದ್ದೆ. ಅದು ಟೆಸ್ಟ್ ಅಲ್ಲ. ಅವರಿಗೆ ನಿಜವಾಗಿ ಏನೂ ಕಾಣ್ತಿರ್ಲಿಲ್ಲ."

ಹುಡುಗಿ ನನ್ನನ್ನು ನೋಡಿ ನಕ್ಕಳು. ಅವಳಿಗೆ ನನ್ನ ಮೇಲೆ ಕನಿಕರ ಬಂದ ಹಾಗಿತ್ತು. "ಆಂಟಿ, ಪ್ಲೀಸ್. ನಂಗೋಸ್ಕರ ಹಂಗೆಲ್ಲ ಹೇಳ್ಬೇಡಿ. ಹಿ ಪಾಸ್ಡ್ ದ ಐ ಟೆಸ್ಟ್. ಲಾಸ್ಟ್ ಲೈನ್ ಓದಿದಾರೆ."

"ಸಮಾಧಾನಕ್ಕೆ ಅಂತ ಗಂಡನ ಮೇಲೆ ಇಲ್ಲದ್ದು ಹೇಳ್ಬಾರ್ದು ರಾಜೀವಿಯವ್ರೇ," ಎಂದರು ಚಾಮುಂಡೇಶ್ವರಿ, ಕಿತ್ತಳೆಯ ಒಂದು ತೊಳೆಯನ್ನು ನನ್ನ ಕಡೆ ಚಾಚುತ್ತ. "ನಿಮ್ಮ ಮನಸ್ಸು ನಮಗೆ ಗೊತ್ತು."

ನಮ್ಮ ಸುಳ್ಳು ಅಷ್ಟು ಗಟ್ಟಿಯಾಗಿ ಕೂತಿತ್ತು. ನಾನು ಕೈಚೀಲದ ಒಳಗಿನ ಜಿಪ್ಪು ಎಳೆದೆ. ದೇವಸ್ಥಾನದ ಪ್ರಸಾದದ ಪೊಟ್ಟಣದ ಹಿಂದೆ ಆ ಕಾಗದ ಇನ್ನೂ ಇತ್ತು. ಬಿಸಾಡಿರಲಿಲ್ಲ, ಐದು ವರ್ಷಕ್ಕೆ ಮತ್ತೆ ಬೇಕಾಗಬಹುದೆಂದು ಇಟ್ಟಿದ್ದೆ. ಹುಡುಗಿಯ ಮುಖದ ಮುಂದೆ ಬಿಡಿಸಿ ಹಿಡಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬರುವುದಿಲ್ಲ. ಒಂದು ಕಡೆ ಆನೆಯ ಚಿತ್ರ, ಇನ್ನೊಂದು ಕಡೆ ನನ್ನ ಅಕ್ಷರ ಮಾತ್ರ ಅವಳಿಗೆ ಕಂಡಿತು.

"ಏನಿದು ಅಮ್ಮಾ?" ಎಂದಳು.

ಚಾಮುಂಡೇಶ್ವರಿ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. "ಇ," ಎಂದು ಓದಿದರು. "ಎಫ್, ಪಿ. ಟಿ, ಓ, ಝಡ್. ಇದೇನ್ರೀ, ಮಕ್ಕಳ ಪಾಠನಾ?"

ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಮುಂದಿನ ಸಾಲನ್ನು ಅವಳೇ ಹೇಳಿದಳು. "ಎಲ್, ಪಿ, ಇ, ಡಿ."

ಚಾಮುಂಡೇಶ್ವರಿ ಕಾಗದ ನೋಡಿದರು. ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಿಚಿ ಹಾಸಿಗೆಯ ಅಂಚಿನಲ್ಲಿಟ್ಟು, ನಾನು ಕೂತ ಕುರ್ಚಿಯಿಂದ ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಹೊರಗೆ ಕಾರಿಡಾರಿನಲ್ಲಿ ಇವರು ನರ್ಸನ್ನು ಟಾಯ್ಲೆಟ್ಟು ಯಾವ ಕಡೆ ಎಂದು ಕೇಳುತ್ತಿದ್ದರು. ಬೋರ್ಡು ಅವರ ಎದುರಿಗೇ ಇತ್ತು. ನಾವು ಮೂವರೂ ಅದನ್ನು ಕೇಳಿಸಿಕೊಂಡೆವು.

ಹುಡುಗಿ ಕಣ್ಣು ತೆರೆದಳು. ಅವಳ ಮುಖದಲ್ಲಿ ತಪ್ಪಿನ ಭಾರ ಇಳಿದಿತ್ತು. ಅದಕ್ಕಾದರೂ ನಾನು ಬಂದದ್ದು ಸಾರ್ಥಕವಾಯಿತು ಎಂದು ಒಂದು ಗಳಿಗೆ ಅಂದುಕೊಂಡೆ.

"ಆಂಟಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. "ನಾನು ನೆಕ್ಸ್ಟ್ ಟೈಮ್ ಅಂತ ಹೇಳಿದ್ನಲ್ಲ ಅವತ್ತು. ವಾಪಸ್ ಹೊರಟಿದ್ದೆ. ಆಮೇಲೂ ನೀವು ಯಾಕೆ ಇಳಿದ್ರಿ?"